ಕಾಡಿನ ಕೆಳಗಿನ ಕಲ್ಲು: ಚಂದಾಪುರದಿಂದ ಕುಂಚಾವರಂವರೆಗೆ

ಎಂಜಿನಿಯರಿಂಗ್ ಜಿಯಾಲಜಿ ಲ್ಯಾಬ್‌ನಲ್ಲಿ ನಮಗೆ ಒಂದು ಮರದ ಪೆಟ್ಟಿಗೆ ಕೊಡ್ತಾರೆ. ಒಳಗೆ ಅಂಗೈ ಅಗಲದ ಕಲ್ಲುಗಳು, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರ್. ಕೈಯಲ್ಲಿ ಹಿಡಿದು ನೋಡಬೇಕು, ಹೆಸರು ಬರೀಬೇಕು, ಉಪಯೋಗ ಬರೀಬೇಕು. ಬಸಾಲ್ಟ್: ರಸ್ತೆಗೆ ಜಲ್ಲಿ. ಲ್ಯಾಟರೈಟ್: ಕಟ್ಟಡಕ್ಕೆ ಕಲ್ಲು. ಸುಣ್ಣದ ಕಲ್ಲು: ಸಿಮೆಂಟ್. ಇಷ್ಟು ಬರೆದರೆ ಮಾರ್ಕ್ಸ್ ಬರುತ್ತೆ, ಪೆಟ್ಟಿಗೆ ಮುಚ್ಚಿ ಕ್ಯಾಂಟೀನ್‌ಗೆ ಹೋಗ್ತೀವಿ.

ಈ ಮೂರೂ ಕಲ್ಲುಗಳು ಒಂದೇ ದಿನದ ಬಸ್ ಪ್ರಯಾಣದಲ್ಲಿ ಕಣ್ಣಿಗೆ ಬೀಳುವ ಜಾಗ ನಮ್ಮ ರಾಜ್ಯದಲ್ಲೇ ಇದೆ. ಕಲಬುರಗಿ ಜಿಲ್ಲೆಯ ಶಹಾಬಾದ್‌ನಿಂದ ಹೊರಟು ವಾಡಿ, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಯ ಜೋಡಿ ಊರಾದ ಚಂದಾಪುರ ತಲುಪಿ, ಅಲ್ಲಿಂದ ತೆಲಂಗಾಣ ಗಡಿಯ ಕುಂಚಾವರಂ ಕಾಡಿನ ಕಡೆ ಹೋದರೆ ಸಾಕು. ಮೊದಲು ಫರಸಿ ಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಯ ಚಿಮಣಿಗಳು. ಆಮೇಲೆ ಕಪ್ಪು ಮಣ್ಣು, ತೊಗರಿ ಹೊಲ. ಕೊನೆಗೆ ಕೆಂಪು ಮುರುಂ ನೆಲ, ಗುಡ್ಡ, ಕಾಡು. ಬಸ್ಸಿನ ಕಿಟಕಿಯಿಂದ ಇದು ಮೂರು ಬೇರೆ ಬೇರೆ ಊರಿನ ಹಾಗೆ ಕಾಣುತ್ತೆ. ಆದರೆ ಇದು ಒಂದರ ಮೇಲೊಂದು ಕೂತಿರುವ ಮೂರು ಪದರಗಳ ಒಂದೇ ಕಥೆ.

ಆ ಕಥೆಯ ಕೊನೆಯಲ್ಲಿರುವ ಕಾಡೇ ಚಿಂಚೋಳಿ ವನ್ಯಜೀವಿಧಾಮ. 2011ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ 134.88 ಚದರ ಕಿ.ಮೀ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಅಂತ ಇದನ್ನು ಕರೀತಾರೆ. ಕಾಡು ಅಂದರೆ ಪಶ್ಚಿಮ ಘಟ್ಟ ಮಾತ್ರ ಅಂದುಕೊಂಡಿದ್ದ ನಮಗೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲೂ ಕಾಡಿದೆ ಅನ್ನೋದೇ ಮೊದಲ ಆಶ್ಚರ್ಯ. ಇಲ್ಲಿ ಯಾಕೆ ಕಾಡಿದೆ ಅನ್ನೋ ಪ್ರಶ್ನೆಗೆ ಉತ್ತರ ಕಲ್ಲಿನಲ್ಲಿ ಸಿಗುತ್ತೆ ಅನ್ನೋದು ಎರಡನೆಯದು.

ಶಿಖರವಿಲ್ಲದ ಜ್ವಾಲಾಮುಖಿ

ಜ್ವಾಲಾಮುಖಿ ಅಂದ ಕೂಡಲೇ ನಮ್ಮ ತಲೆಗೆ ಬರೋದು ತುದಿಯಲ್ಲಿ ಹೊಗೆ ಬಿಡುವ ಶಂಕುವಿನಂಥ ಬೆಟ್ಟ. ದಖನ್ನಿನಲ್ಲಿ ಆದದ್ದು ಹಾಗಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದಲ್ಲಿ ಉದ್ದುದ್ದ ಬಿರುಕು ಬಿಟ್ಟು, ಅದರಿಂದ ಲಾವಾ ಉಕ್ಕಿ ಪ್ರವಾಹದ ಹಾಗೆ ಹರಡಿತು. ಒಂದು ಪ್ರವಾಹ ಆರಿ ಕಲ್ಲಾದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಇವತ್ತು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿ.ಮೀ. ಇದಕ್ಕೆ ಡೆಕ್ಕನ್ ಟ್ರ್ಯಾಪ್ಸ್ ಅಂತ ಹೆಸರು. ಟ್ರ್ಯಾಪ್ ಅಂದರೆ ಬೋನು ಅಲ್ಲ, ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲು ಅನ್ನೋ ಪದದಿಂದ ಬಂದದ್ದು. ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣೋದರಿಂದ ಆ ಹೆಸರು. ಕುಂಚಾವರಂ ಕಾಡಿನ ಎತ್ತಿಪೋತ ಜಲಪಾತದಂಥ ಜಾಗಗಳಲ್ಲಿ ಮಳೆಗಾಲದಲ್ಲಿ ನೀರು ಧುಮುಕುವುದು ಇಂಥ ಮೆಟ್ಟಿಲಿನಿಂದಲೇ.

ಕಲಬುರಗಿ ಜಿಲ್ಲೆ ಈ ಲಾವಾ ಹಾಸಿನ ಆಗ್ನೇಯ ಅಂಚಿನಲ್ಲಿದೆ. ಅಂಚು ಅಂದಮೇಲೆ ಹಾಸು ತೆಳು. ಸವೆದು ಹೋದ ಕಡೆ ಅಡಿಯಲ್ಲಿದ್ದ ಹಳೇ ಕಲ್ಲು ಹೊರಗೆ ಬಂದಿದೆ. ಅದೇ ಶಹಾಬಾದ್, ವಾಡಿ, ಸೇಡಂ, ಮಳಖೇಡದ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನದ ಶಿಲೆ ಅಂತಾರೆ. 50 ಕೋಟಿ ವರ್ಷಕ್ಕೂ ಹಳೆಯದು, ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ನಮ್ಮಲ್ಲಿ ಎಷ್ಟೋ ಜನರ ಅಜ್ಜಿ ಮನೆಯಲ್ಲಿ ಅಂಗಾತ ಮಲಗಿದರೆ ಬೆನ್ನಿಗೆ ತಣ್ಣಗೆ ತಾಗುವ ಆ ಶಹಾಬಾದ್ ಫರಸಿ ಒಂದು ಕಾಲದ ಸಮುದ್ರದ ನೆಲ.

ಲಾವಾ ಬಂದಾಗ ಎಲ್ಲ ಸುಟ್ಟು ಮುಗೀತು ಅಂತ ಅಂದುಕೊಳ್ಳಬೇಡಿ. ಒಂದು ಪ್ರವಾಹಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಕಲ್ಲು ಮಣ್ಣಾಯಿತು, ತಗ್ಗಿನಲ್ಲಿ ಕೆರೆ ನಿಂತಿತು, ಕೆರೆಯಲ್ಲಿ ಜೀವ ಬಂತು. ಮುಂದಿನ ಲಾವಾ ಅದನ್ನು ಮುಚ್ಚಿ ಜೋಪಾನ ಮಾಡಿತು. ಸೇಡಂ ತಾಲ್ಲೂಕಿನ ಯಾನಾಗುಂದಿ ಮತ್ತು ಗುರುಮಠಕಲ್ ಕಡೆಯ ಇಂಥ ಪದರಗಳಲ್ಲಿ ಆಸ್ಟ್ರಕೋಡ್ ಅನ್ನುವ, ಸಾಸಿವೆಗಿಂತ ಚಿಕ್ಕ ಚಿಪ್ಪಿನ ಸಿಹಿನೀರಿನ ಜೀವಿಗಳ ಪಳೆಯುಳಿಕೆ ಸಿಕ್ಕಿವೆ. ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲಿ ಇಲ್ಲಿ ಕೆರೆ ಇತ್ತು ಅನ್ನೋದಕ್ಕೆ ಅವೇ ಸಾಕ್ಷಿ.

ಒಣ ಕಾಡಿಗೆ ನೀರು ಎಲ್ಲಿಂದ?

ಬಸಾಲ್ಟ್ ಗಟ್ಟಿ ಕಲ್ಲು. ಬಿರುಕು ಇದ್ದಲ್ಲಿ ಮಾತ್ರ ನೀರು ಇಳಿಯುತ್ತೆ. ಅದು ಶಿಥಿಲವಾದರೆ ಕಪ್ಪು ಮಣ್ಣಾಗುತ್ತೆ. ಆ ಜೇಡಿಗೆ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಗುಣ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದು ಇದರಿಂದ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿಗೆ ಆಸರೆ ಇದೇ ಮಣ್ಣು.

ಗುಡ್ಡದ ನೆತ್ತಿಯ ಮೇಲಿರುವ ಲ್ಯಾಟರೈಟ್‌ನ ಸ್ವಭಾವ ಬೇರೆ. ಬಸಾಲ್ಟ್ ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಬೆಂದು, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದದ್ದೇ ಈ ಕೆಂಪು ಕಲ್ಲು. ಮೈತುಂಬ ತೂತು. ಮಳೆ ನೀರನ್ನು ಸ್ಪಂಜಿನ ಹಾಗೆ ಹೀರುತ್ತೆ, ಕೆಳಗಿನ ಬಸಾಲ್ಟ್ ತಡೆದಾಗ ಅಂಚಿನಿಂದ ನಿಧಾನಕ್ಕೆ ಜಿನುಗಿಸುತ್ತೆ. ಈ ಗುಟ್ಟು ನಮ್ಮ ಪಕ್ಕದ ಬೀದರಿನವರಿಗೆ 15ನೇ ಶತಮಾನದಲ್ಲೇ ಗೊತ್ತಿತ್ತು. ಬಹಮನಿ ಕಾಲದ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ, ಕೆಲಸ ಮಾಡೋದು ಲ್ಯಾಟರೈಟ್ ಹೀರಿದ ನೀರನ್ನು ಇಳಿಜಾರಿನಲ್ಲಿ ಊರಿಗೆ ಹರಿಸುವ ಮೂಲಕ.

ಚಿಂಚೋಳಿ ಗುಡ್ಡಗಳಲ್ಲೂ ಇದೇ ಜೋಡಣೆ: ಮೇಲೆ ಸ್ಪಂಜು, ಕೆಳಗೆ ತಟ್ಟೆ. ಮಳೆ ನಿಂತ ಮೇಲೂ ಹಳ್ಳಗಳಲ್ಲಿ ಸ್ವಲ್ಪ ದಿನ ನೀರು ಉಳಿಯಲು, ಕಣಿವೆಯಲ್ಲಿ ಮರ ದಟ್ಟವಾಗಿರಲು ಈ ಜೋಡಣೆ ದೊಡ್ಡ ಕಾರಣ. ವನ್ಯಜೀವಿಧಾಮದ ನಡುವೆ 1973ರಲ್ಲಿ ಕಟ್ಟಿದ ಚಂದ್ರಂಪಳ್ಳಿ ಜಲಾಶಯ ತುಂಬುವುದೂ ಈ ಗುಡ್ಡಗಳ ನೀರಿನಿಂದಲೇ. ಮುಂದೆ ಆ ನೀರು ಮುಲ್ಲಾಮಾರಿ ಸೇರಿ, ಕಾಗಿಣಾ ಸೇರಿ, ಮಳಖೇಡದ ಕೋಟೆ ಪಕ್ಕದಲ್ಲಿ ಹಾದು ಭೀಮಾ ನದಿಗೆ ಹೋಗುತ್ತೆ. ಅಂದರೆ ಕಾಡಿನ ನೀರು ನಾವು ಬಸ್ಸಿನಲ್ಲಿ ಬಂದ ದಾರಿಯನ್ನೇ ಹಿಂದಕ್ಕೆ ಹಿಡಿಯುತ್ತೆ!

ಬೋಳು ನೆಲ ಬೀಳು ನೆಲವಲ್ಲ

ಈ ಕಾಡಿನಲ್ಲಿ ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿ ಇವೆ. ಪಟ್ಟಿಯನ್ನು ಇನ್ನೊಮ್ಮೆ ಓದಿ. ಕೊಂಡುಕುರಿಗೆ ಮರದ ಮರೆ ಬೇಕು, ಹತ್ತಿರದಲ್ಲಿ ನೀರು ಬೇಕು. ಕೃಷ್ಣಮೃಗಕ್ಕೆ ದೂರದವರೆಗೆ ಕಾಣುವ ಬಯಲು ಬೇಕು, ಅದಕ್ಕೆ ಓಟವೇ ರಕ್ಷಣೆ. ತೋಳಕ್ಕೆ ಹುಲ್ಲುಗಾವಲು, ಕುರುಚಲು. ಕಣಿವೆಯ ಮರ ಎಷ್ಟು ಮುಖ್ಯವೋ, ಮಣ್ಣು ತೆಳುವಾಗಿರುವ ಗುಡ್ಡದ ನೆತ್ತಿಯ ಹುಲ್ಲೂ ಅಷ್ಟೇ ಮುಖ್ಯ.

ಸಮಸ್ಯೆ ಶುರುವಾಗೋದು ಇಲ್ಲೇ. ದೇಶದ ಪಾಳುಭೂಮಿ ನಕಾಶೆಯಲ್ಲಿ ಕುರುಚಲು ನೆಲವೂ ಒಂದು ವರ್ಗ. ಪಾಳು ಅಂತ ಹೆಸರು ಬಿದ್ದ ಮೇಲೆ ಅದನ್ನು 'ಸರಿ' ಮಾಡಬೇಕು ಅನ್ನಿಸುತ್ತೆ: ಗಿಡ ನೆಡು, ಗುಂಡಿ ತೋಡು, ಇಲ್ಲಾ ಮುರುಂ ಅಗೆದು ರಸ್ತೆಗೆ ಹಾಕು. ನಾವೂ ಕಾಲೇಜಿನಲ್ಲಿ ಪರಿಸರ ದಿನ ಬಂದರೆ ಸಸಿ ನೆಟ್ಟು ಫೋಟೋ ತೆಗೆದುಕೊಂಡವರೇ. ಆದರೆ ಹುಲ್ಲಿನ ಜಾಗದಲ್ಲಿ ಅಕೇಶಿಯಾ ನೆಟ್ಟರೆ ಕೃಷ್ಣಮೃಗಕ್ಕೆ ಅದು ಗೋಡೆ ಕಟ್ಟಿದ ಹಾಗೆ. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯೂ ಬಸಾಲ್ಟ್ ಮೇಲೆ ಕೂತ ಬೋಳು ಲ್ಯಾಟರೈಟ್. ಮಳೆಗಾಲದ ಹೂಗಳಿಂದಾಗಿ ಅದು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ಭಾಗವಾಯಿತು. ಮಳೆಯ ಲೆಕ್ಕದಲ್ಲಿ ಚಿಂಚೋಳಿ ಕಾಸ್ ಅಲ್ಲ ನಿಜ. ಆದರೆ ಬೋಳು ಅಂದರೆ ಖಾಲಿ ಅಲ್ಲ ಅನ್ನೋ ಪಾಠ ಎರಡೂ ಕಡೆ ಒಂದೇ.

ಇನ್ನೊಂದು ಮಾತು ಬಿಟ್ಟರೆ ಅರ್ಧ ಸತ್ಯ ಹೇಳಿದ ಹಾಗೆ. ಈ ಕಾಡಿನಲ್ಲಿ ಲಂಬಾಣಿ ತಾಂಡಾಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಅಲ್ಲಿದ್ದೇವೆ ಅಂತ ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿಯಾಚೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಅದೇ ಭಾಷೆ, ಅದೇ ಬಟ್ಟೆ, ಬಹುಶಃ ಅದೇ ಬಳಗ. ಗಡಿಯ ಈ ಕಡೆ ಇದ್ದರೆ 75 ವರ್ಷದ ಕಾಗದ ಹುಡುಕಬೇಕು. ಕಾಡು ಉಳಿಸುವ ಯೋಜನೆ ಬರೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಕಾಡನ್ನು ದಿನಾ ನೋಡುವ ಕಣ್ಣುಗಳೇ ಕಾಡಿನ ವಿರುದ್ಧ ತಿರುಗುತ್ತವೆ.

ಗಡಿಕೇಶ್ವರ ಕಲಿಸಿದ್ದು

ಕಲ್ಲಿನ ಬಗ್ಗೆ ತಿಳಿಯೋದು ಬರೀ ಕುತೂಹಲಕ್ಕಲ್ಲ ಅನ್ನೋದಕ್ಕೆ ಇದೇ ತಾಲ್ಲೂಕಿನ ಗಡಿಕೇಶ್ವರ ಸಾಕ್ಷಿ. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ನೆಲದೊಳಗಿಂದ ಸದ್ದು, ಮೇಲಿಂದ ಮೇಲೆ ಕಂಪನ. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. ಹೆದರಿಕೆಗೆ ಕಾರಣ ಇತ್ತು: 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನೆನಪು ಈ ಭಾಗದಲ್ಲಿ ಇನ್ನೂ ಮಾಸಿಲ್ಲ. ಅದೂ ದಖನ್ ಲಾವಾ ಹಾಸಿನ ಕೆಳಗೆ ಅಡಗಿದ್ದ ಬಿರುಕಿನಿಂದ ಆದದ್ದು.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಕಂಪನಮಾಪಕ ಇಟ್ಟರು. ತಜ್ಞರು ಕೊಟ್ಟ ವಿವರಣೆ ಸರಳವಾಗಿ ಹೀಗಿದೆ. ಸುಣ್ಣದ ಕಲ್ಲು ಮಳೆ ನೀರಿನಲ್ಲಿ ನಿಧಾನವಾಗಿ ಕರಗುತ್ತೆ, ಒಳಗೆ ಪೊಳ್ಳು ಆಗುತ್ತೆ. ಜೋರು ಮಳೆಗಾಲದ ನಂತರ ನೀರು ಆ ಪೊಳ್ಳಿಗೆ ನುಗ್ಗುತ್ತೆ, ಒಳಗಿದ್ದ ಗಾಳಿ ಹೊರಗೆ ಬರುತ್ತೆ, ಸಣ್ಣ ಬಿರುಕುಗಳ ಮೇಲಿನ ಒತ್ತಡ ಬದಲಾಗುತ್ತೆ. ಸದ್ದು, ಸಣ್ಣ ಕಂಪನ ಎರಡೂ ಅದರಿಂದ. ಆದರೆ ಹೆದರಿ ಹೊರಗೆ ಮಲಗಿದವರಿಗೆ ಈ ಉತ್ತರ ಅದೇ ರಾತ್ರಿ ಬೇಕಿತ್ತು. ಮಳೆ, ಬಾವಿ ನೀರಿನ ಮಟ್ಟ, ಕಂಪನ ಈ ಮೂರನ್ನೂ ವರ್ಷಗಟ್ಟಲೆ ಒಟ್ಟಿಗೆ ಅಳೆದು ಇಟ್ಟಿದ್ದರೆ ಮಾತ್ರ ಉತ್ತರ ಬೇಗ ಸಿಗುತ್ತೆ.

ನಮ್ಮ ಕೈಗೆ ಬರುವ ಗಡಿರೇಖೆ

ಮರಡಿಹಳ್ಳಿಯ ದಿಂಬು ಲಾವಾ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿ ಕಲ್ಲಿಗೇ ರಕ್ಷಣೆ. ಚಿಂಚೋಳಿಯಲ್ಲಿ ಗಡಿ ಎಳೆದಿರುವುದು ಪ್ರಾಣಿ ಮತ್ತು ಮರದ ಸುತ್ತ. ಸುಪ್ರೀಂ ಕೋರ್ಟ್ 2023ರಲ್ಲಿ ವನ್ಯಜೀವಿಧಾಮದ ಒಳಗೂ ಗಡಿಯಿಂದ 1 ಕಿ.ಮೀ.ವರೆಗೂ ಗಣಿಗಾರಿಕೆ ಕೂಡದು ಅಂತ ಹೇಳಿದೆ. ಒಳ್ಳೆಯದು. ಆದರೆ ಅಂತರ್ಜಲಕ್ಕೆ 1 ಕಿ.ಮೀ. ಕಲ್ಲು ನೆಟ್ಟಿರೋದು ಗೊತ್ತಾಗಲ್ಲ. ಹೊರಗಿನ ಗುಡ್ಡದ ನೆತ್ತಿಯ ಸ್ಪಂಜು ಅಗೆದು ಹೋದರೆ ಒಳಗಿನ ಹಳ್ಳ ಬೇಗ ಒಣಗುತ್ತೆ.

ಇದನ್ನೆಲ್ಲ ಇಲ್ಲಿ ಬರೆಯೋಕೆ ಕಾರಣ ಇದೆ. ಇನ್ನು ಕೆಲವು ವರ್ಷಕ್ಕೆ ನಮ್ಮಲ್ಲಿ ಕೆಲವರು ಸಿಮೆಂಟ್ ಕಾರ್ಖಾನೆಯಲ್ಲಿ, ಕೆಲವರು ರಸ್ತೆ ಗುತ್ತಿಗೆಯಲ್ಲಿ, ಕೆಲವರು ನೀರಾವರಿ ಇಲಾಖೆಯಲ್ಲಿ ಇರ್ತೀವಿ. ಸಿಮೆಂಟ್ ಬೇಡ ಅನ್ನೋದು ಸುಲಭ. ಆದರೆ ನಾವು ಕೂತು ಓದುವ ಕ್ಲಾಸ್‌ರೂಮೂ ಅದರದ್ದೇ. ಬೇಕಾಗಿರೋದು ಎಲ್ಲಿ ಅಗೆಯಬಹುದು, ಎಲ್ಲಿ ಕೂಡದು ಅಂತ ಹೇಳಬಲ್ಲ ಅಳತೆ. ಸರ್ವೆ ಮಾಡುವಾಗ ಫಾರ್ಮಿನಲ್ಲಿ 'ಬಂಜರು' ಅನ್ನೋ ಚೌಕಕ್ಕೆ ಟಿಕ್ ಹಾಕುವ ಕೈ ನಮ್ಮದೇ ಆಗಿರುತ್ತೆ. ಆ ಟಿಕ್ ಹಾಕುವ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಆ ಜಾಗ ನೋಡಿ.

ಪ್ರಾಜೆಕ್ಟ್ ಟಾಪಿಕ್ ಸಿಗ್ತಿಲ್ಲ ಅನ್ನುವ ಗೆಳೆಯರಿಗೆ ಮೂರು ಐಡಿಯಾ: ಚಂದಾಪುರ ಸುತ್ತಲಿನ ಬಾವಿಗಳ ನೀರಿನ ಮಟ್ಟ ಪ್ರತಿ ತಿಂಗಳು ಅಳೆಯೋದು, ಲ್ಯಾಟರೈಟ್ ನೆತ್ತಿಯಲ್ಲೂ ಕಪ್ಪು ಮಣ್ಣಿನಲ್ಲೂ ನೀರು ಇಂಗುವ ವೇಗ ಹೋಲಿಸೋದು, ಗಡಿಕೇಶ್ವರದ ಮಳೆ ಮತ್ತು ಕಂಪನದ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡೋದು. ಬಾವಿ ಅಳೆಯಲು ಒಂದು ಟೇಪು, ಒಂದು ನೋಟ್‌ಬುಕ್ ಸಾಕು. ಕಾಡಿನ ಒಳಗಿನ ಕೆಲಸಕ್ಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು.

ಮುಂದಿನ ಸಲ ಲ್ಯಾಬ್‌ನಲ್ಲಿ ಲ್ಯಾಟರೈಟ್ ಕೈಗೆ ಬಂದಾಗ 'ಉಪಯೋಗ' ಅನ್ನುವ ಕಾಲಂನಲ್ಲಿ ಕಟ್ಟಡದ ಕಲ್ಲು ಅಂತ ಬರೆಯಿರಿ, ಮಾರ್ಕ್ಸ್ ಬೇಕಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ನೀರು ಹಿಡಿಯುತ್ತೆ.