ಒರಟು ಮೀನಿನ ಗಾಳ

ಇಂಗ್ಲೆಂಡಿನಲ್ಲಿ ಮೀನಿಗೂ ಅಂತಸ್ತು ಉಂಟು. ಸಾಲ್ಮನ್, ಟ್ರೌಟ್ ಮೇಲಿನ ಪಂಕ್ತಿಯವು. ಅವಕ್ಕೆ ‘ಗೇಮ್’ ಮೀನು ಎಂಬ ಬಿರುದು. ಗೆಂಡೆ, ಬ್ರೀಮ್, ಟೆಂಚ್, ರೋಚ್, ಪೈಕ್ ಮುಂತಾಗಿ ಸಿಹಿನೀರಿನ ಉಳಿದವೆಲ್ಲ ‘ಕೋರ್ಸ್’, ಅಂದರೆ ಒರಟು. ಸಾಲ್ಮನ್ ಹೊಳೆಗಳು ಜಮೀನುದಾರರ ಹಿಡಿತದಲ್ಲಿದ್ದ ಕಾಲದಲ್ಲಿ ಗಿರಣಿ, ಗಣಿಗಳ ಕೆಲಸಗಾರರಿಗೆ ರಜೆಯ ದಿನ ಸಿಕ್ಕಿದ್ದು ಕಾಲುವೆ ದಂಡೆ, ಜಲಾಶಯದ ಏರಿ. ಒರಟು ಎಂದು ಹೆಸರಿಟ್ಟವರು ಒಂದು ಬೆಳಗ್ಗೆ ಅಲ್ಲಿ ಕೂತು ನೋಡಬೇಕಿತ್ತು.

ಲಂಡನ್ನಿನ ವಾಯವ್ಯಕ್ಕೆ ಟ್ರಿಂಗ್ ಊರಿನ ಪಕ್ಕ ನಾಲ್ಕು ಜಲಾಶಯಗಳಿವೆ. ಕಟ್ಟಿದ್ದು ಗದ್ದೆಗಲ್ಲ, ದೋಣಿಗಾಗಿ. ಆಗ ಗ್ರ್ಯಾಂಡ್ ಜಂಕ್ಷನ್ ಎನ್ನುತ್ತಿದ್ದ ಕಾಲುವೆ ಇಲ್ಲಿ ಗುಡ್ಡ ಹತ್ತಿ ಇಳಿಯುತ್ತದೆ. ದೋಣಿಯನ್ನು ಏರಿಸಿ ಇಳಿಸುವ ‘ಲಾಕ್’ ಎಂಬ ಬಾಗಿಲ ಕಟ್ಟೆಯನ್ನು ದೋಣಿಯೊಂದು ದಾಟಿದಾಗಲೆಲ್ಲ ನೆತ್ತಿಯ ನೀರು ಕೆಳಕ್ಕೆ ಹೋಗುತ್ತದೆ. ಆ ಕೊರತೆ ತುಂಬಲು 1802ರಲ್ಲಿ ವಿಲ್‌ಸ್ಟನ್ ಜಲಾಶಯ ಬಂತು, ಮಿಕ್ಕವು ಆಮೇಲೆ. ಸರಕು ದೋಣಿಗಳ ಕಾಲ ಮುಗಿಯಿತು. ಟೆಂಚ್, ಬ್ರೀಮ್ ಉಳಿದವು. ಅವಕ್ಕಾಗಿ ಕೊಡೆಯಡಿ ಕೂರುವವರೂ ಉಳಿದರು.

ಒರಟು ಮೀನುಗಳ ಬಳಗದ ರಾಜ ಗೆಂಡೆ. ನಮ್ಮ ಕೆರೆಗಳಲ್ಲೂ ಸಾಕುವ ಅದೇ ಕಾಮನ್ ಕಾರ್ಪ್. ದೊಡ್ಡ ಗೆಂಡೆ ಗಾಳಕ್ಕೆ ಬೀಳುವುದೇ ಇಲ್ಲ ಎಂದು ಬಹುಕಾಲ ನಂಬಿದ್ದರು. 1952ರ ಸೆಪ್ಟೆಂಬರ್ 13ರಂದು ಹೆರೆಫರ್ಡ್‌ಶೈರಿನ ರೆಡ್‌ಮೈರ್ ಕೊಳದಲ್ಲಿ ರಿಚರ್ಡ್ ವಾಕರ್ 44 ಪೌಂಡಿನ, ಅಂದರೆ ಸುಮಾರು 20 ಕಿಲೋ ತೂಕದ ಗೆಂಡೆ ಎಳೆದ. ಅದು ಬಾಣಲೆಗೆ ಹೋಗಲಿಲ್ಲ, ಲಂಡನ್ ಮೃಗಾಲಯಕ್ಕೆ ಹೋಯಿತು. ಕ್ಲಾರಿಸಾ ಎಂದು ಹೆಸರಾಯಿತು.

ಗೆಂಡೆ ಎರೆಯನ್ನು ಗಬಕ್ಕನೆ ಕಚ್ಚುವುದಿಲ್ಲ, ಹೀರಿ ನೋಡುತ್ತದೆ. ಅನುಮಾನ ಬಂದರೆ ಉಗುಳುತ್ತದೆ. 1970ರ ದಶಕದ ಕೊನೆಯಲ್ಲಿ ಇದಕ್ಕೊಂದು ಉಪಾಯ ಹೊಳೆಯಿತು: ಎರೆಯನ್ನು ಕೊಕ್ಕೆಗೆ ಚುಚ್ಚದೆ, ಕೊಕ್ಕೆಯ ಹಿಂದೆ ಕೂದಲಿನಂಥ ಎಳೆಯಲ್ಲಿ ನೇತುಹಾಕುವುದು. ಮೀನು ಎರೆಯನ್ನು ಹೀರಿದರೆ ಬರಿಯ ಕೊಕ್ಕೆಯೂ ಒಳಗೆ. ಉಗುಳುವಾಗ ತುಟಿಗೆ ನಾಟುತ್ತದೆ. ‘ಹೇರ್ ರಿಗ್’ ಎಂದೇ ಹೆಸರು. ಎರೆ ಎಂದರೆ ಸೋಯಾ, ರವೆ, ಮೀನಿನ ಪುಡಿಗಳನ್ನು ಮೊಟ್ಟೆಯಲ್ಲಿ ಕಲಸಿ, ಗೋಲಿಯಷ್ಟು ಉಂಡೆ ಕಟ್ಟಿ ಬೇಯಿಸಿದ್ದು. ಬೇಯಿಸಿದರೆ ಸಿಪ್ಪೆ ಗಟ್ಟಿ. ಚಿಕ್ಕ ಮೀನು ಕುಕ್ಕಿ ಮುಗಿಸಲಾರದು. ಇಂಥ ಬಾಣಸಿಗರೇ ಕಾವೇರಿಗೆ ಬಂದಾಗ ಭೀಮೇಶ್ವರಿಯ ಸುತ್ತ ಮಹಶೀರ್‌ಗೆ ಹಾಕಿದ್ದು ಬೇಯಿಸಿದ ರಾಗಿ ಉಂಡೆಯನ್ನು. ಮಹಶೀರೂ ಗೆಂಡೆಯ ಕುಲವೇ, ಮುದ್ದೆ ಒಗ್ಗಿತು.

ಕಾಯುವುದೇ ಹೆಚ್ಚು. ವಾಕರನೇ ರೂಪಿಸಿದ ವಿದ್ಯುತ್ ಗಂಟೆಯ ವಂಶದವು ಈಗ ಕೋಲಿನಡಿ ಕೂತು, ದಾರ ಜಗ್ಗಿದರೆ ಚೀರುತ್ತವೆ. ಡೇರೆಯಲ್ಲಿ ಮಲಗಿದವನು ಕಾಲುಚೀಲದಲ್ಲೇ ಓಡುತ್ತಾನೆ. ಇಂಗ್ಲೆಂಡಿನ ಹೊಳೆಗಳಲ್ಲಾದರೆ ಮಾರ್ಚ್ 15ರಿಂದ ಜೂನ್ 15ರವರೆಗೆ ನಿಷೇಧ. ಜೂನ್ 16 ಹುಟ್ಟುವ ನಡುರಾತ್ರಿಗೆ ದಂಡೆಯಲ್ಲಿ ಕಾದು ಕೂರುವವರಿದ್ದಾರೆ.

ಇಷ್ಟೆಲ್ಲ ಮಾಡಿ ಸಾರಿಗೆ ಹಾಕುವುದಿಲ್ಲವೇ ಎಂದರೆ, ಇಲ್ಲ. ಪೋಲೆಂಡಿನಲ್ಲಿ ಕ್ರಿಸ್‌ಮಸ್ ಊಟಕ್ಕೆ ಗೆಂಡೆಯೇ ಬೇಕು. ಇಂಗ್ಲಿಷರಿಗೆ ಅದು ಮುಳ್ಳು, ಕೆಸರಿನ ವಾಸನೆ. ಮೆತ್ತನೆ ಹಾಸಿಗೆಗೆ ನೀರು ಚಿಮುಕಿಸಿ ಮೀನನ್ನು ಮಲಗಿಸುತ್ತಾರೆ, ಕೊಕ್ಕೆ ಬಿಡಿಸಿ ಗಾಯಕ್ಕೆ ಔಷಧಿ ಹಚ್ಚುತ್ತಾರೆ, ತೂಗುತ್ತಾರೆ, ಒಂದು ಫೋಟೋ. ಆಮೇಲೆ ಮೊಣಕಾಲುದ್ದ ನೀರಿಗಿಳಿದು, ಹೊಟ್ಟೆಯಡಿ ಅಂಗೈ ಕೊಟ್ಟು, ಅದು ತಾನಾಗಿ ಬಾಲ ಬಡಿಯುವವರೆಗೆ ಹಿಡಿದು ನಿಲ್ಲುತ್ತಾರೆ.