ದ್ವೀಪದ ಹುಡುಗರು ಮತ್ತು ಮನೋವಿಜ್ಞಾನ

ಬೆಳಗಾವಿಯ ಒಂದು ಶಾಲೆ, ಖಾನಾಪುರದ ಒಂದು ಶಾಲೆ. ಎರಡರ ಹುಡುಗರೂ ಮಲಪ್ರಭೆ ಹುಟ್ಟುವ ಕಣಕುಂಬಿಯ ಬಳಿ ಶಿಬಿರಕ್ಕೆ ಹೋಗಿದ್ದಾರೆ ಎಂದುಕೊಳ್ಳಿ. ಜಡಿಮಳೆಗೆ ಹಳ್ಳ ತುಂಬಿ ದಾರಿ ಮುಚ್ಚಿದೆ. ಶಿಕ್ಷಕರು ಆಚೆ ದಡದಲ್ಲಿ ಉಳಿದಿದ್ದಾರೆ. ಹುಡುಗರು ಕೂಡಿ ಒಲೆ ಹಚ್ಚುವರೆ, ಇಲ್ಲವೆ ಕಚ್ಚಾಡುವರೆ?

ಇಂಥದೇ ಪ್ರಶ್ನೆಯನ್ನು ಶಾಲಾ ಶಿಕ್ಷಕರಾಗಿದ್ದ ಇಂಗ್ಲೆಂಡಿನ ವಿಲಿಯಂ ಗೋಲ್ಡಿಂಗ್ 1954ರಲ್ಲಿ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯಲ್ಲಿ ಎತ್ತಿದರು. ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದ ಹುಡುಗರು ರಾಲ್ಫ್‌ನನ್ನು ನಾಯಕನನ್ನಾಗಿ ಆರಿಸುತ್ತಾರೆ. ಶಂಖ ಹಿಡಿದವನಿಗೆ ಮಾತ್ರ ಮಾತಾಡುವ ಹಕ್ಕು. ಕ್ರಮೇಣ ಬೇಟೆಯ ಹುಚ್ಚಿನ ಜ್ಯಾಕ್ ಬೇರೆ ಗುಂಪು ಕಟ್ಟುತ್ತಾನೆ. ಸೈಮನ್ ಮತ್ತು ಪಿಗ್ಗಿ ಕೊಲೆಯಾಗುತ್ತಾರೆ.

ಮನಸ್ಸಿಗೆ ಮೂರು ಅಂಶಗಳಿವೆ ಎಂದು ಸಿಗ್ಮಂಡ್ ಫ್ರಾಯ್ಡ್ 1923ರಲ್ಲಿ ವಿವರಿಸಿದ್ದರು. ತಕ್ಷಣದ ಸುಖ ಬಯಸುವುದು ‘ಇಡ್’, ವಾಸ್ತವಕ್ಕೆ ಹೊಂದಿಸುವುದು ‘ಈಗೋ’, ಸರಿ–ತಪ್ಪು ಹೇಳುವುದು ‘ಸೂಪರ್ ಈಗೋ’. ಜ್ಯಾಕ್, ರಾಲ್ಫ್, ಪಿಗ್ಗಿ ಇವರನ್ನು ಕ್ರಮವಾಗಿ ಈ ಮೂರಕ್ಕೆ ಹೊಂದಿಸುವುದುಂಟು. ಆದರೆ ಇದು ಪಾತ್ರಗಳಿಗೆ ಹೆಸರು ಕೊಡುತ್ತದೆ. ಒಳ್ಳೆಯ ಹುಡುಗರೂ ಯಾವಾಗ ಕೆಡುತ್ತಾರೆ ಎಂದು ಹೇಳುವುದಿಲ್ಲ.

ಅದಕ್ಕೆ ಗುಂಪಿನ ಮನೋವಿಜ್ಞಾನ ಬೇಕು. ಮುಖಕ್ಕೆ ಬಣ್ಣ ಬಳಿದುಕೊಂಡ ಮೇಲೆ ಜ್ಯಾಕ್‌ನ ಸಂಕೋಚ ಹೋಗುತ್ತದೆ. ಗುರುತು ಮರೆಯಾದಾಗ ‘ಇದು ನಾನು ಮಾಡಿದ್ದು’ ಎಂಬ ಹೊಣೆಯೂ ಸಡಿಲಾಗಬಹುದು.

1954ರಲ್ಲೇ ಮುಜಫರ್ ಶೆರಿಫ್ ಮತ್ತು ಸಂಗಡಿಗರು ಅಮೆರಿಕದ ಓಕ್ಲಹೋಮಾದ ಶಿಬಿರವೊಂದರಲ್ಲಿ ಸುಮಾರು 11 ವರ್ಷದ 22 ಹುಡುಗರನ್ನು ಎರಡು ತಂಡ ಮಾಡಿದರು. ಬಹುಮಾನದ ಪಂದ್ಯಗಳು ಶುರುವಾದವು. ಬೈಗುಳ, ಧ್ವಜ ಸುಡುವುದು, ಕೋಣೆಗೆ ನುಗ್ಗುವುದು ಬೆನ್ನಿಗೇ ಬಂದವು. ಬರಿದೇ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಜಗಳ ನಿಲ್ಲಲಿಲ್ಲ. ನೀರು ನಿಂತಾಗ, ಲಾರಿ ಕೆಟ್ಟಾಗ ಇಬ್ಬರೂ ಕೈಜೋಡಿಸಲೇಬೇಕಾಯಿತು, ಹಗೆ ಇಳಿಯಿತು. ಲಾರಿ ಎಳೆದದ್ದು ಹಗ್ಗಜಗ್ಗಾಟದ ಹಗ್ಗದಿಂದಲೇ!

ನಿಜವಾದ ದ್ವೀಪದ ಕಥೆಯೂ ಇದೆ. 1965ರಲ್ಲಿ ಟೋಂಗಾದ ಆರು ವಿದ್ಯಾರ್ಥಿಗಳು ದೋಣಿ ಕೆಟ್ಟು ‘ಆಟಾ’ ದ್ವೀಪ ಸೇರಿದರು. ಕೆಲಸ ಹಂಚಿಕೊಂಡರು, ಬೆಂಕಿ ಆರದಂತೆ ಕಾದರು, ಕಾಲು ಮುರಿದ ಗೆಳೆಯನನ್ನು ಉಪಚರಿಸಿದರು. 1966ರಲ್ಲಿ ಎಲ್ಲರೂ ಜೀವಂತ ಸಿಕ್ಕರು. ಅವರು ಮೊದಲೇ ಸ್ನೇಹಿತರಾಗಿದ್ದರು ಎಂಬುದನ್ನೂ ಮರೆಯಬಾರದು.

ಹಾಗಾದರೆ ಕಣಕುಂಬಿಯ ಹುಡುಗರು? ಉತ್ತರದ ಒಂದು ಪಾಲು ಶಿಕ್ಷಕರ ಕೈಯಲ್ಲೇ ಇದೆ. ಊರುವಾರು ತಂಡ ಕಟ್ಟಿ ಬರೀ ಪಂದ್ಯಕ್ಕಿಳಿಸಿದರೆ ಬಿರುಕು ಬೆಳೆಯಬಹುದು. ಎರಡೂ ಊರಿನವರನ್ನು ಬೆರೆಸಿ ಮೊದಲ ದಿನವೇ ನೀರು, ಸೌದೆ, ಅಡುಗೆಯ ಹೊಣೆ ಕೊಟ್ಟು ನೋಡಿ. ಹಳ್ಳ ತುಂಬಿದ ದಿನ ಅದು ನೆರವಿಗೆ ಬಂದೀತು.