ಎರಡು ಬೆರಳಗಲದ ಚಕ್ರ, ಒಂಬತ್ತು ಕ್ವಿಂಟಲ್ ಎಳೆತ

ಸೊಲ್ಲಾಪುರ ಜಿಲ್ಲೆಯ ನಂದೇಶ್ವರದ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಹೊಸದೇನಲ್ಲ. ಆ ಬಿಸಿಲಿಗೆ ಕಾರಿನ ಎಂಜಿನ್ನಿಗೂ ಏದುಸಿರು ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಈ ಸೀಮೆಯಲ್ಲಿ ಗಾಳಿಯ ಒತ್ತಡ ಮೊದಲೇ ಶೇ 5ರಷ್ಟು ಕಡಿಮೆ. ಕಾದ ಗಾಳಿ ಹಿಗ್ಗುವುದರಿಂದ ಇನ್ನೂ ಶೇ 8-9ರಷ್ಟು ತೆಳುವಾಗುತ್ತದೆ. ಕಡಲದಂಡೆಯ 15 ಡಿಗ್ರಿ ತಂಪಿನಲ್ಲಿ 90 ಅಶ್ವಶಕ್ತಿ ಕೊಡುವ ಸಾದಾ ಎಂಜಿನ್ ಇಲ್ಲಿ ಊರ ಅಗಸಿ ದಾಟುವ ಮೊದಲೇ ಹನ್ನೊಂದು ಹನ್ನೆರಡು ಅಶ್ವಶಕ್ತಿ ಕಳೆದುಕೊಂಡಿರುತ್ತದೆ.

ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಒಂದು ಲೀಟರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ 1,500 ಲೀಟರ್ ಗಾಳಿ ಬೇಕು. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಉಸಿರಾಡುವುದು ಸುಮಾರು 6 ಲೀಟರ್. ಅಂದರೆ ಬಾನೆಟ್ ಕೆಳಗಿನ ಆ ಪುಟ್ಟ ಯಂತ್ರ 250 ಜನರ ಉಸಿರಿನಷ್ಟು ಗಾಳಿಯನ್ನು ಎಳೆದುಕೊಳ್ಳುತ್ತಿದೆ. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಗಾಳಿ ತುರುಕಬೇಕು. ಅದಕ್ಕೆ ದಾರಿ ಎರಡು: ಸೂಪರ್‌ಚಾರ್ಜರ್ ಮತ್ತು ಟರ್ಬೊ.

ಸೂಪರ್‌ಚಾರ್ಜರ್ ಹಳೆಯದು. ಅಮೆರಿಕದ ರೂಟ್ಸ್ ಸಹೋದರರು ತಮ್ಮ ಬ್ಲೋವರ್‌ಗೆ 1860ರಲ್ಲೇ ಪೇಟೆಂಟ್ ಪಡೆದಿದ್ದರು. ಎಂಜಿನ್ನಿನ ತಿರುಗುವಿಕೆಯನ್ನೇ ಬೆಲ್ಟಿನ ಮೂಲಕ ಪಡೆದು ಸೂಪರ್‌ಚಾರ್ಜರ್ ಗಾಳಿಯನ್ನು ಒಳಗೆ ತಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದ ಕ್ಷಣವೇ ಪಿಕಪ್ ಸಿಗುತ್ತದೆ. ಆದರೆ ಆ ಕೆಲಸಕ್ಕೆ 1.6 ಲೀಟರ್ ಎಂಜಿನ್ನಿನಿಂದ ಜೋರಾದ ಓಟದಲ್ಲಿ ಹತ್ತು ಹದಿನೈದು ಅಶ್ವಶಕ್ತಿಯನ್ನಾದರೂ ಕಿತ್ತುಕೊಳ್ಳುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊ ಹಾಗಲ್ಲ. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸೈಲೆನ್ಸರಿನಿಂದ ಬಿಸಿ ಹೊಗೆಯಾಗಿ ಹೋಗಿಬಿಡುತ್ತದೆ. ಟರ್ಬೊ ಆ ಹೊಗೆಯಿಂದಲೇ ತನ್ನ ದಂಡದ ಒಂದು ತುದಿಯ ಚಕ್ರ ತಿರುಗಿಸಿಕೊಂಡು, ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒಳಗೆ ತಳ್ಳುತ್ತದೆ.

ನನ್ನನ್ನು ಬೆರಗುಗೊಳಿಸುವುದು ಗಾಳಿ ತಳ್ಳುವ ಆ ಚಕ್ರ. ಸಣ್ಣ ಕಾರಿನ ಟರ್ಬೊದಲ್ಲಿ ಅದರ ಅಡ್ಡಳತೆ ಸುಮಾರು 40 ಮಿಲಿಮೀಟರ್, ಎರಡು ಬೆರಳಿನಷ್ಟು ಅಗಲ. ವೇಗ ನಿಮಿಷಕ್ಕೆ ಎರಡು ಲಕ್ಷ ಸುತ್ತು. ಫೋರ್ಡ್ ಕಂಪನಿಯ ಒಂದು ಲೀಟರಿನ ಇಕೋಬೂಸ್ಟ್ ಎಂಜಿನ್ನಿನ ಟರ್ಬೊ 2,48,000 ಸುತ್ತಿನವರೆಗೂ ಹೋಗುತ್ತದೆ. ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು. ಎರಡು ಲಕ್ಷವನ್ನೇ ಹಿಡಿದರೂ ಚಕ್ರದ ಅಂಚು ಗಂಟೆಗೆ ಸುಮಾರು 1,500 ಕಿಲೋಮೀಟರ್ ವೇಗದಲ್ಲಿ, ಶಬ್ದವನ್ನೂ ಮೀರಿ ಓಡುತ್ತಿರುತ್ತದೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್. ಆ ವೇಗಕ್ಕೆ ಅದು ಒಂದೂವರೆ ನಿಮಿಷದ ಹಾದಿ. ಅಂಚಿನಲ್ಲಿರುವ ಒಂದೇ ಒಂದು ಗ್ರಾಂ ಲೋಹ ಆಗ ಸುಮಾರು ಒಂಬತ್ತು ಕ್ವಿಂಟಲ್ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಮಂಗಳವೇಢೆಯ ಒಂಬತ್ತು ಕ್ವಿಂಟಲ್ ಜೋಳವನ್ನು ಒಂದು ಗ್ರಾಂ ಲೋಹಕ್ಕೆ ನೇತುಹಾಕಿದಂತೆ!

ಅದೇ ದಂಡದ ಇನ್ನೊಂದು ತುದಿಯ ಚಕ್ರಕ್ಕೆ ಬಡಿಯುವ ಹೊಗೆ ಪೆಟ್ರೋಲ್ ಗಾಡಿಯಲ್ಲಿ 950 ಡಿಗ್ರಿ ಮುಟ್ಟಬಹುದು. ಆ ಬಿಸಿಗೆ ಕಬ್ಬಿಣ ಕೆಂಪಗೆ ಹೊಳೆಯುತ್ತದೆ. ಅದಕ್ಕೇ ಆ ಚಕ್ರವನ್ನು ನಿಕಲ್ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ. ಇಷ್ಟೆಲ್ಲವನ್ನೂ ಹೊತ್ತಿರುವುದು ತಲೆಗೂದಲಿಗಿಂತ ತೆಳುವಾದ ಎಂಜಿನ್ ಆಯಿಲ್ ಪದರ. ದಂಡ ಅದರ ಮೇಲೆ ತೇಲುತ್ತಿರುತ್ತದೆ, ಲೋಹ ಲೋಹಕ್ಕೆ ತಾಗುವುದಿಲ್ಲ.

ಸೂಪರ್‌ಚಾರ್ಜರಿನ ಬದುಕು ಇದಕ್ಕಿಂತ ನೆಮ್ಮದಿಯದು. ಮಿನಿ ಕೂಪರ್ ಎಸ್ ಕಾರಿನಲ್ಲಿದ್ದ ಈಟನ್ ಎಂ45 ಜೋರಾದ ಓಟದಲ್ಲೂ ತಿರುಗುತ್ತಿದ್ದುದು ನಿಮಿಷಕ್ಕೆ ಹದಿನಾಲ್ಕು ಸಾವಿರ ಸುತ್ತಿನ ಆಸುಪಾಸಿನಲ್ಲಿ. ಸುಡುವ ಹೊಗೆಯ ಸಂಪರ್ಕವೇ ಅದಕ್ಕಿಲ್ಲ. ಎರಡನ್ನೂ ತೂಗಿ ನೋಡಲು ಮಿನಿಗಿಂತ ಒಳ್ಳೆಯ ಕಾರು ಸಿಗದು. 1598 ಸಿಸಿ ಸೂಪರ್‌ಚಾರ್ಜರ್ ಎಂಜಿನ್ 163 ಅಶ್ವಶಕ್ತಿ ಕೊಟ್ಟರೆ, ಮುಂದಿನ ತಲೆಮಾರಿನ ಮಿನಿಗೆ ಹಾಕಿದ 1598 ಸಿಸಿಯದೇ ಟರ್ಬೊ 175 ಕೊಟ್ಟಿತು. ನಿಜವಾದ ಅಂತರ ಟಾರ್ಕಿನದು. ಹಳೆಯದರ 210 ನ್ಯೂಟನ್ ಮೀಟರ್ ಪೂರ್ತಿ ಸಿಗಲು 4,000 ಸುತ್ತು ಬೇಕಿತ್ತು. ಹೊಸದು 1,600ಕ್ಕೇ 240 ಕೊಟ್ಟಿತು. ಎರಡನ್ನೂ ಒಂದೇ ಎಂಜಿನ್ನಿಗೆ ಕಟ್ಟಿದವರೂ ಇದ್ದಾರೆ. 1989ರ ನಿಸಾನ್ ಮಾರ್ಚ್ ಸೂಪರ್ ಟರ್ಬೊ ಬರೀ 930 ಸಿಸಿಯಲ್ಲಿ 110 ಅಶ್ವಶಕ್ತಿ ತೆಗೆಯಿತು. ನಮ್ಮ ಮಾರುತಿ 800 ಕೊಡುತ್ತಿದ್ದದ್ದು 796 ಸಿಸಿಗೆ 37. ಇಂದು ಅಕ್ಕಲಕೋಟೆ ರಸ್ತೆಯಲ್ಲಿ ಓಡುವ 998 ಸಿಸಿಯ ಹುಂಡೈ ವೆನ್ಯೂ ಟರ್ಬೊ 120 ಕೊಡುತ್ತದೆ. ಬಿಸಿಲಿಗೆ ತೆಳುವಾದ ಗಾಳಿಯ ನಷ್ಟದಲ್ಲಿ ಒಂದಷ್ಟನ್ನೂ ಅದು ತುಂಬಿಕೊಳ್ಳುತ್ತದೆ.

ಬಾಳಿಕೆಯ ಮಾತಿಗೆ ಬಂದರೆ, ಬಿಡಿ ಯಂತ್ರವಾಗಿ ಸೂಪರ್‌ಚಾರ್ಜರೇ ಗಟ್ಟಿ. ಹಾಗೆಂದು ಟರ್ಬೊ ನಾಜೂಕಿನದಲ್ಲ. ಹೆದ್ದಾರಿಯ ಡೀಸೆಲ್ ಲಾರಿಗಳು ಟರ್ಬೊ ಹೊತ್ತೇ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತಿವೆ. ಟರ್ಬೊವನ್ನು ಬೇಗ ಕೊಲ್ಲುವುದು ಕೊಳೆತ ಆಯಿಲ್ ಮತ್ತು ದೂಳು. ಸೋರುವ ಏರ್ ಫಿಲ್ಟರಿನಿಂದ ನುಸುಳಿದ ಮರಳಿನ ಕಣಕ್ಕೆ ಅಲ್ಲಿ ಎದುರಾಗುವುದು ಶಬ್ದದ ವೇಗದ ರೆಕ್ಕೆ. ಇನ್ನೊಂದು ಅಪಾಯ ಚಾಲಕನ ಕೈಯಲ್ಲೇ ಇದೆ. ಐದನೇ ಗೇರಿನಲ್ಲಿ 1,300-1,400 ಸುತ್ತಿಗೆ ಇಳಿದ ಗಾಡಿಯನ್ನು ಹಾಗೇ ಒತ್ತಿದರೆ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು. ಇದನ್ನು ತಡೆಯಲು 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆಯ ಆಯಿಲುಗಳು ಬಂದವು.

ನಮ್ಮ ಬಿಸಿಲಿಗೆ, ನಮ್ಮ ರಸ್ತೆಗೆ ನನ್ನ ಮತ ಟರ್ಬೊಗೆ. ಕೊಂಡವರು ಕೈಪಿಡಿಯಲ್ಲಿ ಬರೆದ ದರ್ಜೆಯ ಆಯಿಲನ್ನೇ ಹಾಕಿಸಿ, ಅವಧಿ ಮೀರಿಸಬೇಡಿ. ಹೆದ್ದಾರಿಯಲ್ಲಿ ಜೋರಾಗಿ ಬಂದು ನಿಂತಾಗ ಚಾವಿ ತಿರುಗಿಸುವ ಮೊದಲು ಒಂದು ನಿಮಿಷ ಎಂಜಿನ್ ಓಡಲು ಬಿಡಿ. ಹೊಸ ಟರ್ಬೊದ ಬೆಲೆಯ ಮುಂದೆ ಒಂದು ಸಲದ ಆಯಿಲ್ ಖರ್ಚು ಏನೂ ಅಲ್ಲ.